ಹಬ್ಬದ ಬೇಕಿಂಗ್ ಸಾಮಾನು ಈಗ್ಲೇ ತಂದಿಟ್ಕೊಂಡ್ರೆ ನಡಿಯುತ್ತಾ? ಯಾವ್ದು ಉಳಿಯುತ್ತೆ ಯಾವ್ದು ಕೆಡುತ್ತೆ?

ಸಕ್ಕರೆಡಬ್ಬಿ:

ಎಲ್ರಿಗೂ ನಮಸ್ಕಾರ. ವರ್ಷದ ಕೊನೇ ಹಬ್ಬದ ಸೀಸನ್‌ಗೆ ಇನ್ನೂ ಎರಡೂವರೆ ತಿಂಗಳಿದೆ, ಇಷ್ಟು ಬೇಗ ಯಾಕೆ ತಲೆ ಕೆಡಿಸ್ಕೊಳ್ತಾಳೆ ಇವ್ಳು ಅಂತ ನಗ್ಬೇಡಿ. ಕೊನೇ ವಾರ ಬಂತು ಅಂದ್ರೆ ಎಲ್ರೂ ಅದೇ ನಾಲ್ಕು ಸಾಮಾನಿಗೆ ಮುಗಿಬೀಳ್ತಾರೆ, ಬ್ರೌನ್ ಶುಗರ್ ಇರಲ್ಲ, ಉಪ್ಪಿಲ್ಲದ ಬೆಣ್ಣೆ ಇರಲ್ಲ, ಇದ್ರೂ ಇರೋದೆಲ್ಲ ಬೇರೆ ಸೈಜು ಬೇರೆ ಬ್ರ್ಯಾಂಡು, ಆಮೇಲೆ ಒಂದೇ ಸಲ ಅಷ್ಟೂ ಖರ್ಚು ಬೇರೆ. ಅದಕ್ಕೆ ಈ ಸಲ ವಾರಕ್ಕೆ ಸ್ವಲ್ಪ ಸ್ವಲ್ಪ ತಂದು ಒಟ್ಟು ಮಾಡಿಟ್ಕೊಳೋಣ ಅಂತ.

ಪ್ಲ್ಯಾನ್ ಏನಂದ್ರೆ ಒಂದು ದೊಡ್ಡ ಫ್ರೂಟ್ ಕೇಕ್, ಹಂಚೋಕೆ ಮೂರು ನಾಲ್ಕು ಥರ ಕುಕೀಸು, ಒಂದು ಚಾಕ್ಲೇಟ್ ಕೇಕು, ಊಟದ ಜೊತೆಗೆ ಮೆತ್ತನೆ ಬನ್ನು. ಮೈದಾ, ಸಕ್ಕರೆ ತಂದಿಟ್ಟಾಯ್ತು. ಈಗ ಡೌಟು ಬಂದಿರೋದು ಉಳಿದಿದ್ರ ಬಗ್ಗೆ. ಅಕ್ರೋಟು, ಬಾದಾಮಿ ಈಗ ತಂದ್ರೆ ಅಲ್ಲೀವರೆಗೆ ಚೆನ್ನಾಗಿರುತ್ತಾ? ಈಸ್ಟು, ಬೇಕಿಂಗ್ ಪೌಡರು? ಬೆಣ್ಣೆ ಫ್ರೀಜರಲ್ಲಿ ಇಟ್ರೆ ಕ್ರೀಮ್ ಮಾಡುವಾಗ, ಅಂದ್ರೆ ಸಕ್ಕರೆ ಜೊತೆ ಹಗುರಾಗಿ ನಾದುವಾಗ, ಏನಾದ್ರೂ ವ್ಯತ್ಯಾಸ ಗೊತ್ತಾಗುತ್ತಾ? ನನ್ನ ಫ್ರೀಜರು ಸಣ್ಣದು, ಎಲ್ಲಾ ತುರುಕೋಕಾಗಲ್ಲ, ಅದ್ರಿಂದ ಯಾವುದಕ್ಕೆ ನಿಜವಾಗ್ಲೂ ಜಾಗ ಕೊಡ್ಬೇಕು ಅನ್ನೋದೇ ಮುಖ್ಯ ಪ್ರಶ್ನೆ. ಮನೇಲಿ ಆಗ್ಲೇ "ಅಂಗಡಿ ಇಡ್ತೀಯಾ" ಅಂತ ಕೇಳ್ತಿದಾರೆ.

ಹಿಟ್ಟಿನಕೈ:

ಅಂಗಡಿ ಇಟ್ರೂ ತಪ್ಪಿಲ್ಲ ಬಿಡಿ 😄 ನಾನು ಇದಕ್ಕೆ ಇಟ್ಕೊಂಡಿರೋ ಲೆಕ್ಕ ಬಹಳ ಸಿಂಪಲ್ಲು. ಸಾಮಾನು ಕೈಗೆ ತಗೊಂಡಾಗ ಇದ್ರಲ್ಲಿ ಎಣ್ಣೆ ಅಂಶ ಎಷ್ಟಿದೆ ಅಂತ ಯೋಚ್ನೆ ಮಾಡಿ. ಎಣ್ಣೆ ಇಲ್ದೇ ಇರೋದು, ಅಂದ್ರೆ ಸಕ್ಕರೆ, ಕಾರ್ನ್ ಫ್ಲೋರು, ಉಪ್ಪು, ಇವಕ್ಕೆ ತೇವ ತಾಗದಂಗೆ ನೋಡ್ಕೊಂಡ್ರೆ ಎರಡು ತಿಂಗಳಲ್ಲ ಎರಡು ವರ್ಷ ಇಟ್ರೂ ಏನೂ ಆಗಲ್ಲ. ಎಣ್ಣೆ ಇರೋದಕ್ಕೆ ಗಾಳಿ, ಬೆಳಕು, ಬಿಸಿ ಮೂರೂ ಶತ್ರು, ಕಮಟು ಹಿಡಿಯುತ್ತೆ.

ಮೈದಾ ತಂದಿಟ್ಟಿದೀರ, ಒಳ್ಳೇದು, ಯಾಕಂದ್ರೆ ಅದ್ರಲ್ಲಿ ಗೋಧಿಯ ಮೊಳಕೆ ಭಾಗಾನೂ ತೌಡೂ ತೆಗೆದಿರ್ತಾರೆ, ಎಣ್ಣೆ ಇರೋದು ಮುಖ್ಯವಾಗಿ ಆ ಮೊಳಕೆಯಲ್ಲೇ. ಅದಕ್ಕೇ ಇಡೀ ಗೋಧಿ ಹಿಟ್ಟು ಬೇಗ ಕಹಿ ಆಗುತ್ತೆ, ಮೈದಾ ಆಗಲ್ಲ. ಬನ್ನಿಗೆ ಗೋಧಿ ಹಿಟ್ಟು ಬೆರೆಸೋರಾದ್ರೆ ಅದನ್ನ ಮಾತ್ರ ಕೊನೇಲಿ ತನ್ನಿ. ಬಾದಾಮಿ ಪುಡೀದೂ ಇದೇ ಕಥೆ.

ಅಕ್ರೋಟಿನ ವಿಷಯಕ್ಕೆ ಬಂದ್ರೆ ಇದು ಎಲ್ಲಾ ಬೀಜಗಳಲ್ಲೂ ಸೂಕ್ಷ್ಮ. ಅದ್ರಲ್ಲಿರೋ ಎಣ್ಣೆ ಗಾಳಿ ಜೊತೆ ಬಹಳ ಬೇಗ ಸೇರ್ಕೊಳೋ ಥರದ್ದು. ಬಾದಾಮಿ ಅದಕ್ಕಿಂತ ಗಟ್ಟಿ ಪಿಂಡ, ತಡ್ಕೊಳುತ್ತೆ. ಇಡೀ ಬೀಜ ತುಂಡು ಬೀಜಕ್ಕಿಂತ ಬಾಳಿಕೆ ಬರುತ್ತೆ, ತುಂಡು ಪುಡಿಗಿಂತ, ಯಾಕಂದ್ರೆ ಕತ್ತರಿಸಿದಷ್ಟೂ ಗಾಳಿಗೆ ಮೈ ಒಡ್ಡೋ ಜಾಗ ಜಾಸ್ತಿ. ಸೋ "ಚಾಪ್ಡ್ ವಾಲ್‌ನಟ್" ಅಂತ ಬರೋ ಪ್ಯಾಕೆಟ್ ಈಗ ತಗೋಬೇಡಿ, ಇಡೀದು ತಗೊಂಡು ಗಾಳಿಯಾಡದ ಕವರಲ್ಲಿ ಹಾಕಿ ಫ್ರೀಜರಿಗೆ ಇಡಿ, ಅಲ್ಲಿ ಒಂದು ವರ್ಷದ ತನಕ ಚೆನ್ನಾಗೇ ಇರುತ್ತೆ. ಫ್ರಿಜ್ಜಾದ್ರೆ ಆರು ತಿಂಗಳು. ಒಲೆ ಪಕ್ಕದ ಕಪಾಟಲ್ಲಿ ಇಟ್ರೆ ನಾನು ಗ್ಯಾರಂಟಿ ಕೊಡಲ್ಲ.

ಕೆಟ್ಟಿದೆಯಾ ಅಂತ ನೋಡೋಕೆ ಒಂದು ಅಕ್ರೋಟು ಮುರಿದು ಆ ಮುರಿದ ಜಾಗಾನ ಮೂಗಿನ ಹತ್ರ ಹಿಡೀರಿ. ತಾಜಾ ಇದ್ರೆ ವಾಸನೆ ಏನೂ ಅಷ್ಟಾಗಿ ಬರಲ್ಲ, ಸ್ವಲ್ಪ ಸಿಹಿ ಸಿಹಿ. ಹಳೇದಾದ್ರೆ ಗೋಡೆ ಪೇಂಟ್ ಥರ ಒಂದು ಘಾಟು ಬರುತ್ತೆ, ಬಾಯಿಗೆ ಹಾಕಿದ್ರೆ ಮೊದ್ಲು ಏನೂ ಅನ್ಸಲ್ಲ, ನುಂಗಿದ ಮೇಲೆ ಗಂಟಲ ಹಿಂದೆ ಚುರುಕ್ ಅನ್ನುತ್ತೆ. ಅಂಥದ್ದು ಒಂದು ಹಿಡಿ ಬಿದ್ರೂ ಇಡೀ ಕೇಕಿನ ರುಚಿ ಹೋಯ್ತು, ಎಷ್ಟೇ ಹುರಿದ್ರೂ ಸರಿಹೋಗಲ್ಲ.

ಇನ್ನು ಮೈದಾಗೆ ನುಸಿ ಬರೋ ಭಯ ಇದ್ರೆ ಪ್ಯಾಕೆಟ್ಟನ್ನ ಹಾಗೇ ಒಂದು ಗಟ್ಟಿ ಕವರಿಗೆ ಹಾಕಿ ಫ್ರೀಜರಲ್ಲಿ, ಮೈನಸ್ 18 ಡಿಗ್ರೀಲಿ, ಕಡಿಮೆ ಅಂದ್ರೆ ನಾಲ್ಕು ದಿನ ಇಟ್ಟು ತೆಗೀರಿ, ಮೊಟ್ಟೆ ಇದ್ರೂ ಸಾಯುತ್ತೆ. ತೆಗೆದ ಮೇಲೆ ಪೂರ್ತಿ ರೂಮಿನ ಬಿಸಿಗೆ ಬರೋ ತನಕ ಕವರ್ ಬಿಚ್ಚಬೇಡಿ, ತಣ್ಣಗಿರುವಾಗ್ಲೇ ಬಿಚ್ಚಿದ್ರೆ ಗಾಳೀಲಿರೋ ತೇವ ಹಿಟ್ಟಿನ ಮೇಲೆ ಕೂತು ಗಂಟು ಗಂಟಾಗುತ್ತೆ. ಆಮೇಲೆ ಡಬ್ಬಿಗೆ ತುಂಬಿಕೊಳ್ಳಿ, ಫ್ರೀಜರ್ ಜಾಗ ಖಾಲಿ. ಒಂದು ಮಾತು, ಹಸಿ ಹಿಟ್ಟಲ್ಲಿ ಬ್ಯಾಕ್ಟೀರಿಯಾ ಇದ್ರೆ ಅದು ಈ ತಣ್ಣಗೆ ಸಾಯಲ್ಲ, ಹುಳಾನ ಮಾತ್ರ ಕೊಲ್ಲುತ್ತೆ, ಆದ್ರಿಂದ ಹಸಿ ಕುಕೀ ಡೋ (ಕಲಸಿದ ಹಿಟ್ಟು) ನೆಕ್ಕೋ ಅಭ್ಯಾಸ ಇರೋ ಮಕ್ಕಳಿದ್ರೆ ದೂರ ಇಡಿ. ದೊಡ್ಡೋರಿದ್ರೂ ಅಷ್ಟೇ.

ಮಧ್ಯರಾತ್ರಿ_ಓವನ್:

ಮೇಲಿನವ್ರು ಹೇಳಿದ್ದು ಸರಿ, ಆದ್ರೆ ನನ್ನ ಪ್ರಕಾರ ಬೀಜಗಳಿಗಿಂತ ಜನ ನಿಜವಾಗ್ಲೂ ಎಡವೋದು ಉಬ್ಬಿಸೋ ಸಾಮಾನಲ್ಲಿ. ಬೀಜ ಕೆಟ್ರೆ ಮೂಗಿಗೆ ಗೊತ್ತಾಗುತ್ತೆ, ಬೇಕಿಂಗ್ ಪೌಡರ್ ಸತ್ತಿದ್ರೆ ನೋಡೋಕೂ ಅದೇ ಬಿಳಿ ಪುಡಿ ವಾಸನೇನೂ ಇಲ್ಲ, ಕೇಕು ಓವನ್ನಿಂದ ಹೊರಗೆ ಬಂದಾಗ್ಲೇ ಗೊತ್ತಾಗೋದು, ಅಷ್ಟೊತ್ತಿಗೆ ಬೆಣ್ಣೆ ಮೊಟ್ಟೆ ಸಕ್ಕರೆ ಎಲ್ಲಾ ಗೋವಿಂದ.

ಯಾಕೆ ಸಾಯುತ್ತೆ ಅಂದ್ರೆ ಬೇಕಿಂಗ್ ಪೌಡರ್ ಅಂದ್ರೆ ಸೋಡಾ ಜೊತೆ ಒಣಗಿದ ಆಸಿಡ್ಡನ್ನ ಮೊದ್ಲೇ ಬೆರೆಸಿ ಇಟ್ಟಿರೋದು, ನಡುವೆ ತೇವ ಹೀರೋಕೆ ಸ್ವಲ್ಪ ಸ್ಟಾರ್ಚು. ನೀರು ಸಿಕ್ಕಿದ್ರೆ ಎರಡೂ ಸೇರಿ ಗ್ಯಾಸ್ ಬಿಡೋಕೆ ಶುರು ಮಾಡ್ತವೆ. ಡಬ್ಬಿ ಮುಚ್ಚಳ ಸಡಿಲ ಇದ್ರೆ, ಒದ್ದೆ ಚಮಚ ಹಾಕಿದ್ರೆ, ಕುದಿಯೋ ಪಾತ್ರೆ ಮೇಲೆ ಡಬ್ಬಿ ಬಗ್ಗಿಸಿದ್ರೆ, ಆ ಕೆಲಸ ಡಬ್ಬಿ ಒಳಗೇ ದಿನಾ ಸ್ವಲ್ಪ ಸ್ವಲ್ಪ ನಡೀತಾ ಇರುತ್ತೆ. ತೆರೆದ ಮೇಲೆ ಆರು ತಿಂಗಳಿಂದ ಒಂದು ವರ್ಷ ಅಷ್ಟೇ ಅದ್ರ ಆಯುಷ್ಯ. ಬರೀ ಸೋಡಾ ಹಂಗಲ್ಲ, ಒಣಗಿದ್ರೆ ಬಹಳ ಕಾಲ ಇರುತ್ತೆ, ಆದ್ರೆ ಸುತ್ತಮುತ್ತಲಿನ ವಾಸನೆ ಎಲ್ಲಾ ಹೀರ್ಕೊಳುತ್ತೆ, ಫ್ರಿಜ್ ವಾಸನೆ ಹೋಗ್ಲಿ ಅಂತ ಇಟ್ಟಿರೋ ಸೋಡಾನ ದಯವಿಟ್ಟು ಕೇಕಿಗೆ ಹಾಕ್ಬೇಡಿ.

ಟೆಸ್ಟ್ ಮಾಡೋದು ಹೀಗೆ. ಬೇಕಿಂಗ್ ಪೌಡರಿಗೆ ಬಿಸಿ ನೀರು, ಅರ್ಧ ಕಪ್ಪಿಗೆ ಅರ್ಧ ಟೀ ಚಮಚ ಹಾಕಿ, ಹಾಕಿದ ತಕ್ಷಣ ಜೋರಾಗಿ ನೊರೆ ಎದ್ದು ಬರ್ಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂತು ಅಂದ್ರೆ ಬಿಸಾಕಿ. ಸೋಡಾಗೆ ಬಿಸಿ ನೀರು ಸಾಲದು, ವಿನೆಗರೋ ನಿಂಬೆ ರಸಾನೋ ನಾಲ್ಕು ಹನಿ ಬೇಕು, ಯಾಕಂದ್ರೆ ಅದ್ರಲ್ಲಿ ಆಸಿಡ್ ಇಲ್ಲ. ತುಂಬ ಜನ ಸೋಡಾನ ಬಿಸಿ ನೀರಿಗೆ ಹಾಕಿ ನೊರೆ ಬರ್ಲಿಲ್ಲ ಅಂತ ಒಳ್ಳೇ ಸೋಡಾ ಎಸೀತಾರೆ.

ಈಸ್ಟಿಗೆ ಸುಮಾರು 40 ಡಿಗ್ರಿ ಇರೋ ನೀರು ಅರ್ಧ ಕಪ್ಪು, ಒಂದು ಟೀ ಚಮಚ ಸಕ್ಕರೆ, ಎರಡೂಕಾಲು ಟೀ ಚಮಚ ಈಸ್ಟು, ಹತ್ತು ನಿಮಿಷ ಬಿಡಿ. ಮೊದಲು ಮೇಲೆ ಕಂದು ಪುಡಿ ತೇಲ್ತಿರುತ್ತೆ, ಆಮೇಲೆ ಒಂದೊಂದೇ ಜಾಗದಲ್ಲಿ ಅರಳಿ ಅರಳಿ ಮೋಡದ ಥರ ಮೇಲೇಳುತ್ತೆ, ಹತ್ತು ನಿಮಿಷಕ್ಕೆ ಅರ್ಧ ಕಪ್ ಹೋಗಿ ಒಂದು ಕಪ್ ಹತ್ರ ಬರ್ಬೇಕು. ನೀರು ಬೆರಳಿಗೆ ಸುಡ್ತಿದ್ರೆ ಈಸ್ಟೂ ಸಾಯುತ್ತೆ, ಆಗ ತಪ್ಪು ಈಸ್ಟಿಂದಲ್ಲ. ಸೀಲ್ ಒಡೆಯದ ಒಣ ಈಸ್ಟು ಹೊರಗೇ ಇರ್ಲಿ, ಪ್ಯಾಕೆಟ್ ಮೇಲಿನ ಡೇಟು ನೋಡಿ ದೂರದ ಡೇಟ್ ಇರೋದು ತಗೊಳ್ಳಿ. ಸೀಲ್ ಒಡೆದ್ರೆ ಫ್ರಿಜ್ಜಲ್ಲಿ ನಾಲ್ಕು ತಿಂಗಳು, ಫ್ರೀಜರಲ್ಲಿ ಆರು. ಸಣ್ಣ ಪ್ಯಾಕೆಟ್ಟೇ ವಾಸಿ.

ಇನ್ನೊಂದು, ಸೆಲ್ಫ್ ರೈಸಿಂಗ್ ಹಿಟ್ಟು ಸ್ಟಾಕ್ ಮಾಡ್ಬೇಡಿ. ಅದ್ರೊಳಗೆ ಬೇಕಿಂಗ್ ಪೌಡರ್ ಇರುತ್ತಲ್ಲ, ಅದ್ರ ಆಯುಷ್ಯವೇ ಹಿಟ್ಟಿನ ಆಯುಷ್ಯ.

ಒಂದ್ಚಮಚ_ಸಾಕು:

ನಾನು ಸ್ವಲ್ಪ ಉಲ್ಟಾ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. "ಸ್ವಲ್ಪ ಸ್ವಲ್ಪ ತಂದು ಒಟ್ಟು ಮಾಡೋದು" ಅಂತ ಶುರು ಮಾಡಿದವ್ರ ಮನೇಲಿ ಹಬ್ಬ ಮುಗಿದ ಮೇಲೆ ಅರ್ಧರ್ಧ ಪ್ಯಾಕೆಟ್ಟುಗಳ ಒಂದು ಸಂತೆ ಇರುತ್ತೆ. ಮೊದ್ಲು ರೆಸಿಪಿ ಫಿಕ್ಸ್ ಮಾಡಿ, "ಮೂರು ನಾಲ್ಕು ಥರ ಕುಕೀಸು" ಅಂದ್ರೆ ಲೆಕ್ಕ ಅಲ್ಲ ಅದು ಆಸೆ. ಯಾವ ಕುಕಿ, ಎಷ್ಟು ಬ್ಯಾಚು ಅಂತ ಬರೆದು, ಎಲ್ಲಾ ರೆಸಿಪಿಯ ಬೆಣ್ಣೆ ಒಂದು ಕಡೆ ಕೂಡಿಸಿ, ಸಕ್ಕರೆ ಒಂದು ಕಡೆ ಕೂಡಿಸಿ. ಮಾಮೂಲಿ ಚಾಕ್ಲೇಟ್ ಚಿಪ್ ಕುಕಿ ಒಂದು ಬ್ಯಾಚಿಗೇ ಸುಮಾರು 225 ಗ್ರಾಂ ಬೆಣ್ಣೆ ಹೋಗುತ್ತೆ, ನಾಲ್ಕು ಬ್ಯಾಚಿಗೆ 900 ಗ್ರಾಂ, ಕೇಕಿಂದು ಬೇರೆ. ಬರೆದಾಗ್ಲೇ ಗೊತ್ತಾಗೋದು ಇದು ಎಷ್ಟು ದೊಡ್ಡ ಕೆಲಸ ಅಂತ, ಬರೆದವ್ರಲ್ಲಿ ಅರ್ಧ ಜನ ಒಂದು ಕುಕೀನ ಅಲ್ಲೇ ಕೈಬಿಡ್ತಾರೆ.

ಕೋಕೋ ಪೌಡರಲ್ಲಿ ಇದು ಇನ್ನೂ ಮುಖ್ಯ. ನ್ಯಾಚುರಲ್ ಕೋಕೋ ಬೇರೆ, ಡಚ್ ಪ್ರೊಸೆಸ್ ಬೇರೆ. ನ್ಯಾಚುರಲ್ಲಲ್ಲಿ ಹುಳಿ ಇದೆ, ಸೋಡಾ ಹಾಕೋ ರೆಸಿಪಿಗೆ ಅದೇ ಬೇಕು. ಡಚ್ಚಲ್ಲಿ ಆ ಹುಳಿ ತೆಗೆದಿರ್ತಾರೆ, ಅದಕ್ಕೆ ಬೇಕಿಂಗ್ ಪೌಡರ್ ಜೋಡಿ. ರೆಸಿಪಿ ನೋಡದೇ ಈಗ್ಲೇ ದೊಡ್ಡ ಡಬ್ಬಿ ತಂದಿಟ್ರೆ, ಆ ಕೇಕು ಅದನ್ನ ಕೇಳ್ದೇನೇ ಇರ್ಬಹುದು.

ಆಮೇಲೆ ಸಾಮಾನೇ ಯಾಕೆ ಇಡ್ತೀರ, ಡೋ ಮಾಡಿ ಇಡಿ. ಕುಕೀ ಡೋನ ಉಂಡೆ ಮಾಡಿ ಟ್ರೇನಲ್ಲಿ ಬಿಡಿ ಬಿಡಿಯಾಗಿ ಫ್ರೀಜ್ ಮಾಡಿ, ಗಟ್ಟಿ ಆದ್ಮೇಲೆ ಕವರಿಗೆ ಹಾಕಿ. ಬೇಕಾದಾಗ ಕರಗಿಸದೇ ನೇರ ಓವನ್ನಿಗೆ, ಒಂದೆರಡು ನಿಮಿಷ ಜಾಸ್ತಿ ಅಷ್ಟೇ. ಮೂರು ತಿಂಗಳು ಆರಾಮಾಗಿ ಇರುತ್ತೆ. ಬೆಣ್ಣೆ, ಬ್ರೌನ್ ಶುಗರ್, ಅಕ್ರೋಟು, ಮೊಟ್ಟೆ ನಾಲ್ಕರ ಚಿಂತೇನೂ ಒಂದೇ ಕವರಲ್ಲಿ ಮುಗೀತು, ಸಣ್ಣ ಫ್ರೀಜರಿಗೂ ಜಾಗ ಉಳೀತು. ಮೊಟ್ಟೆ ಬಿಳಿ ನೊರೆ ಮಾಡಿ ಮಾಡೋ ಮೆರಾಂಗ್ ಥರದ್ದಕ್ಕೆ ಇದು ನಡಿಯಲ್ಲ.

ಸಕ್ಕರೆಡಬ್ಬಿ:

ಅಯ್ಯೋ ಎಷ್ಟು ಚೆನ್ನಾಗಿ ಬರ್ದಿದೀರ ಎಲ್ರೂ, ಥ್ಯಾಂಕ್ಸ್. "ಲೆಕ್ಕ ಅಲ್ಲ ಅದು ಆಸೆ" ಅನ್ನೋದು ಓದಿ ಮನೇಲಿ ಒಬ್ರು ಚಪ್ಪಾಳೆ ಹೊಡೆದ್ರು. ಡೋ ಐಡಿಯಾ ಎರಡು ಕುಕಿಗೆ ಗ್ಯಾರಂಟಿ ಮಾಡ್ತೀನಿ. ಬೆಣ್ಣೆ ಮಾತ್ರ ಯಾರೂ ಬಿಡಿಸಿ ಹೇಳ್ಲಿಲ್ಲ. ಮತ್ತೆ ಮನೇಲಿ ಆಗ್ಲೇ ಇರೋ ಡಾರ್ಕ್ ಚಾಕ್ಲೇಟ್ ಬಾರ್ ಮೇಲೆ ಬೂದು ಬಣ್ಣದ ಮಚ್ಚೆ ಥರ ಬಂದಿದೆ, ಬೂಸ್ಟು ಹಿಡಿದಿದೆಯಾ ಅದು? ಬ್ರೌನ್ ಶುಗರ್ ಕಲ್ಲಾಗದಂಗೆ ಹೇಗೆ ಇಡ್ತೀರ?

ಹಿಟ್ಟಿನಕೈ:

ಬೂಸ್ಟಲ್ಲ, ಹೆದರ್ಬೇಡಿ. ಅದಕ್ಕೆ ಬ್ಲೂಮ್ ಅಂತಾರೆ. ಕೋಕೋ ಬೆಣ್ಣೆ ಹೆಚ್ಚುಕಮ್ಮಿ ನಮ್ಮ ಮೈ ಬಿಸಿಗೇ ಕರಗೋ ವಸ್ತು, ಒಂದು ಸಲ ಬಿಸಿಗೆ ಮೆತ್ತಗಾಗಿ ಮತ್ತೆ ಗಟ್ಟಿಯಾದಾಗ ಅದು ಮೇಲಕ್ಕೆ ಬಂದು ಬೂದು ಗೆರೆ ಥರ ಕೂರುತ್ತೆ. ಬೆರಳಲ್ಲಿ ಉಜ್ಜಿ ನೋಡಿ, ಜಿಡ್ಡು ಜಿಡ್ಡಾಗಿ ಕರಗಿ ಹೋದ್ರೆ ಬೆಣ್ಣೆ, ಒರಟು ಒರಟಾಗಿ ಹಾಗೇ ಉಳಿದ್ರೆ ಸಕ್ಕರೆ. ಸಕ್ಕರೇದು ಬರೋದು ತೇವದಿಂದ, ಫ್ರಿಜ್ಜಿಂದ ತೆಗೆದು ಬರಿಮೈಲಿ ಹೊರಗಿಟ್ಟಾಗ ಬೆವರುತ್ತಲ್ಲ ಆಗ. ಎರಡೂ ತಿನ್ನೋಕೆ ತೊಂದ್ರೆ ಇಲ್ಲ. ಕೇಕಿಗೆ ಕರಗಿಸಿ ಹಾಕೋಕೆ ಧಾರಾಳವಾಗಿ ಬಳಸಿ, ಮೇಲೆ ಹೊಳೆಯೋ ಕೋಟಿಂಗ್ ಮಾಡೋಕೆ ಬೇರೆ ಬಾರ್ ಇಟ್ಕೊಳ್ಳಿ. ಡಾರ್ಕು ಎರಡು ವರ್ಷ ಇರುತ್ತೆ, ಹಾಲಿಂದು ಮತ್ತೆ ಬಿಳಿ ಚಾಕ್ಲೇಟು ಒಂದು ವರ್ಷದ ಒಳಗೆ ಮುಗಿಸಿ.

ಬೆಣ್ಣೆಗೆ ಫ್ರೀಜರ್ ಜಾಗ ಕೊಡಿ, ಅದು ಅದಕ್ಕೆ ಅರ್ಹ. ಉಪ್ಪಿಲ್ಲದ್ದು ಐದಾರು ತಿಂಗಳು, ಉಪ್ಪಿನದು ಅದಕ್ಕಿಂತ ಜಾಸ್ತಿ, ಉಪ್ಪು ಕಾಪಾಡುತ್ತೆ. ಅಂಗಡಿ ಸುತ್ತಿರೋ ಪೇಪರ್ ಬಿಚ್ಚಬೇಡಿ, ಅದ್ರ ಮೇಲೆ ಫಾಯಿಲ್, ಅದ್ರ ಮೇಲೆ ಜಿಪ್ ಕವರು, ಯಾಕಂದ್ರೆ ಬೆಣ್ಣೆಯಷ್ಟು ಬೇಗ ಪಕ್ಕದವ್ರ ವಾಸನೆ ಹೀರೋ ವಸ್ತು ಇನ್ನೊಂದಿಲ್ಲ, ಬೆಳ್ಳುಳ್ಳಿ ಪೇಸ್ಟ್ ಪಕ್ಕ ಇಟ್ಟ ಬೆಣ್ಣೇಲಿ ಮಾಡಿದ ಶಾರ್ಟ್ ಬ್ರೆಡ್ ಯಾರಿಗೂ ಬೇಡ. ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಆಮೇಲೆ ಹೊರಗೆ. ಮೈಕ್ರೋವೇವಲ್ಲಿ ಕರಗಿಸೋಕೆ ಹೋಗ್ಬೇಡಿ, ಒಳಗೆ ಎಣ್ಣೆ ಹೊರಗೆ ಕಲ್ಲು ಆಗಿರುತ್ತೆ, ಅಂಥದ್ದು ಕ್ರೀಮ್ ಮಾಡಿದ್ರೆ ಗಾಳಿ ಹಿಡಿಯಲ್ಲ. ನಿಧಾನಕ್ಕೆ ಇಳಿಸಿದ ಬೆಣ್ಣೇಲಿ ಬೇಕಿಂಗಿಗೆ ವ್ಯತ್ಯಾಸ ಏನೂ ಕಾಣಲ್ಲ.

ಬ್ರೌನ್ ಶುಗರ್ ಕಲ್ಲಾಗೋದು ಒಣಗಿ, ಅಂದ್ರೆ ಬಿಳಿ ಸಕ್ಕರೆಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಹರಳಿನ ಸುತ್ತ ಕಾಕಂಬಿಯ ತೆಳ್ಳನೆ ಪದರ ಇರುತ್ತೆ, ಅದ್ರ ತೇವ ಹೋದ್ರೆ ಹರಳುಗಳು ಒಂದಕ್ಕೊಂದು ಅಂಟಿ ಹೆಂಟೆ ಆಗುತ್ತೆ. ಗಾಳಿಯಾಡದ ಡಬ್ಬಿ ಸಾಕು. ಆಗ್ಲೇ ಕಲ್ಲಾಗಿದ್ರೆ ಒಂದು ಬ್ರೆಡ್ ಸ್ಲೈಸ್ ಹಾಕಿ ಮುಚ್ಚಿ ರಾತ್ರಿ ಬಿಡಿ, ಬೆಳಿಗ್ಗೆ ಬ್ರೆಡ್ ರಸ್ಕ್ ಆಗಿರುತ್ತೆ ಸಕ್ಕರೆ ಮೆತ್ತಗಾಗಿರುತ್ತೆ. ಎಲ್ಲೂ ಸಿಗದೇ ಹೋದ್ರೂ ಚಿಂತೆ ಇಲ್ಲ, 200 ಗ್ರಾಂ ಬಿಳಿ ಸಕ್ಕರೆಗೆ ಒಂದು ಟೇಬಲ್ ಚಮಚ ಕಾಕಂಬಿ ಹಾಕಿ ಫೋರ್ಕಲ್ಲಿ ಉಜ್ಜಿ ಬೆರೆಸಿದ್ರೆ ಅದೇ ಬ್ರೌನ್ ಶುಗರು.

ಒಣದ್ರಾಕ್ಷಿ_ಪ್ರೇಮಿ:

ಫ್ರೂಟ್ ಕೇಕ್ ಅಂದ್ರಲ್ಲ, ಅದಕ್ಕೆ ಮಾತ್ರ ನೀವು ಬೇಗ ಅಲ್ಲ ಸರಿಯಾದ ಟೈಮಿಗೆ ಇದೀರ. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಚೆರ್ರಿ ಎಲ್ಲಾ ಈಗ್ಲೇ ತನ್ನಿ, ಸಕ್ಕರೆ ಅಂಶಾನೇ ಅವನ್ನ ಕಾಪಾಡುತ್ತೆ. ರಮ್ಮೋ ಬ್ರಾಂದೀನೋ ಹಾಕೋರಾದ್ರೆ ಗಾಜಿನ ಜಾರಲ್ಲಿ ಹಣ್ಣು ಮುಳುಗೋಷ್ಟು ಹಾಕಿ ತಣ್ಣನೆ ಕತ್ತಲೆ ಜಾಗದಲ್ಲಿಟ್ಟು ಆಗಾಗ ತಿರುಗಿಸ್ತಾ ಇದ್ರೆ ವಾರಗಟ್ಲೆ ಇಡಬಹುದು. ಆಲ್ಕೋಹಾಲ್ ಬೇಡ ಅಂತ ಜ್ಯೂಸಲ್ಲಿ ನೆನೆಸೋರು ಇದನ್ನ ನೋಡಿ ವಾರಗಟ್ಲೆ ಇಡೋಕೆ ಹೋಗ್ಬೇಡಿ, ಹುಳಿ ಬರುತ್ತೆ, ಅದನ್ನ ಫ್ರಿಜ್ಜಲ್ಲಿಟ್ಟು ಒಂದೆರಡು ದಿನದಲ್ಲಿ ಕೇಕ್ ಮಾಡಿಬಿಡಿ. ನಾನು ಜ್ಯೂಸಿನ ಪಾರ್ಟಿ, ರುಚಿಗೆ ಏನೂ ಕಮ್ಮಿ ಇಲ್ಲ ಅಂತ ವಾದ ಮಾಡೋಕೆ ರೆಡಿ.

ಮಸಾಲೆ ಇಡೀದು ತಗೊಳ್ಳಿ, ಚಕ್ಕೆ ಲವಂಗ ಜಾಯಿಕಾಯಿ, ಜಾಯಿಕಾಯಿ ಅಂತೂ ಬೇಕಾದಾಗ ತುರ್ಕೊಂಡ್ರೆ ಆ ಘಮಾನೇ ಬೇರೆ. ವೆನಿಲಾ ಎಕ್ಸ್‌ಟ್ರ್ಯಾಕ್ಟ್ ಈಗ್ಲೇ ತಂದಿಡಿ, ಆಲ್ಕೋಹಾಲಲ್ಲಿ ಇರೋದ್ರಿಂದ ಅದು ಕೆಡಲ್ಲ. ಬಟರ್ ಪೇಪರ್, ಫಾಯಿಲ್ ಇವನ್ನ ಯಾರೂ ಲಿಸ್ಟಿಗೆ ಬರೆಯಲ್ಲ, ಕೊನೇ ಟ್ರೇಗೆ ಬಂದಾಗ ರೋಲ್ ಖಾಲಿ ಆಗಿರುತ್ತೆ.

ವಿಪ್ಪಿಂಗ್ ಕ್ರೀಮ್ ಫ್ರೀಜ್ ಮಾಡ್ಬೇಡಿ, ಆಮೇಲೆ ಸರಿಯಾಗಿ ನೊರೆ ಆಗಲ್ಲ. ಟೆಟ್ರಾ ಪ್ಯಾಕಿಂದು ಸೀಲ್ ಇದ್ರೆ ತಿಂಗಳುಗಟ್ಲೆ ಇರುತ್ತೆ, ಅದು ತಗೊಳ್ಳಿ.

ಸಕ್ಕರೆಡಬ್ಬಿ:

ಲಿಸ್ಟ್ ಬರೆಯೋಕೆ ಕೂತಿದೀನಿ. ಒಂದು ಕುಕಿ ಆಗ್ಲೇ ಔಟು, ಮೇಲೆ ಹೇಳಿದ್ದು ನಿಜ ಆಯ್ತು 😅 ಮೊಟ್ಟೆ ಒಂದು ಉಳೀತು. ಅದನ್ನ ಕೊನೇಲೇ ತರ್ಬೇಕಲ್ವಾ? ಒಂದು ಕುಕಿಗೆ ಬರೀ ಹಳದಿ ಬೇಕು, ಬಿಳಿ ಹತ್ತು ಹನ್ನೆರಡು ಉಳಿಯುತ್ತೆ, ಏನ್ಮಾಡ್ಲಿ?

ಮಧ್ಯರಾತ್ರಿ_ಓವನ್:

ಮೊಟ್ಟೆ ಫ್ರಿಜ್ಜಲ್ಲಿ ಮೂರರಿಂದ ಐದು ವಾರ ಇರುತ್ತೆ, ಹಬ್ಬಕ್ಕೆ ಎರಡು ವಾರ ಇರುವಾಗ ತಂದ್ರೆ ಸಾಕು. ಬಿಳಿ ಸಲೀಸಾಗಿ ಫ್ರೀಜ್ ಆಗುತ್ತೆ, ಐಸ್ ಟ್ರೇಲಿ ಒಂದೊಂದು ಗುಂಡಿಗೆ ಒಂದೊಂದು ಹಾಕಿ, ಗಟ್ಟಿ ಆದ್ಮೇಲೆ ಕವರಿಗೆ. ಕರಗಿದ ಮೇಲೂ ನೊರೆ ಬರುತ್ತೆ. ಹಳದಿ ಹಾಗೇ ಫ್ರೀಜ್ ಮಾಡಿದ್ರೆ ಅಂಟಂಟು ಜೆಲ್ಲಿ ಆಗುತ್ತೆ, ಚಿಟಿಕೆ ಸಕ್ಕರೆ ಹಾಕಿ ಕದಡಿ ಇಡ್ಬೇಕು. ಕವರ್ ಮೇಲೆ ಎಷ್ಟು ಬಿಳಿ ಇದೆ, ಯಾವತ್ತು ಹಾಕಿದ್ದು ಅಂತ ಬರೀರಿ, ಇಲ್ಲಾಂದ್ರೆ ತೆಂಗಿನ ಹಾಲಾ ಮೊಟ್ಟೇನಾ ಅಂತ ಮನೇಲಿ ಎಲ್ರನ್ನೂ ಕೇಳ್ತಾ ಕೂರ್ಬೇಕು.